ಗೇರೆಣ್ಣೆಯ ಕೆಳಗಿನ ಬಣ್ಣ

ದೋಣಿಯ ಹಳೆ ಬಣ್ಣ ಕೆರೆಯುವುದಕ್ಕಿಂತ ಕೆಟ್ಟ ಕೆಲಸವನ್ನು ನಾನು ಈ ಐವತ್ತೆರಡು ವರ್ಷಗಳಲ್ಲಿ ಮಾಡಿಲ್ಲ. ಕಾಫಿ ಕೊಯ್ದಿದ್ದೇನೆ, ಗೊಬ್ಬರ ಹೊತ್ತಿದ್ದೇನೆ, ಜಿಗಣೆ ಕಚ್ಚಿಸಿಕೊಂಡು ಕಳೆ ತೆಗೆದಿದ್ದೇನೆ. ಅವುಗಳಲ್ಲೆಲ್ಲ ಸಂಜೆಗೆ ಇಷ್ಟಾಯಿತು ಎಂದು ತೋರಿಸಲು ಏನಾದರೂ ಇರುತ್ತದೆ. ಇದರಲ್ಲಿ ಬೆಳಗಿನಿಂದ ಬಗ್ಗಿ ಕೆರೆದರೂ ಸಂಜೆಗೆ ದೋಣಿ ಮೊದಲಿಗಿಂತ ಅಸಹ್ಯವಾಗಿ ಕಾಣುತ್ತದೆ. ನೋಡಿದವರು "ಇನ್ನೂ ಶುರು ಮಾಡಿಲ್ವಾ?" ಎಂದು ಬೇರೆ ಕೇಳುತ್ತಾರೆ.

ನಮ್ಮ ಮನೆ ಇರುವುದು ಕಳಸದಿಂದ ಸ್ವಲ್ಪ ದೂರದಲ್ಲಿ, ಭದ್ರಾ ಹೊಳೆಯ ತೋಟದ ದಡದಲ್ಲಿ. ಬಸ್ ಓಡುವ ರಸ್ತೆ ಎದುರು ದಡದಲ್ಲಿದೆ. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟುತ್ತೇವೆ. ಜೂನ್ ಹಿಡಿದು ನವೆಂಬರ್ ತನಕ ದೋಣಿಯೇ ಗತಿ. ಸೇತುವೆಯ ಮೇಲೆ ಹೋಗುವುದಾದರೆ ಕಾಡಿನ ಮಣ್ಣುದಾರಿಯಲ್ಲಿ ಅರ್ಧ ದಿನ ಸುತ್ತಬೇಕು. ಮಳೆ ಹಿಡಿದ ಮೇಲೆ ಆ ದಾರಿಯಲ್ಲಿ ಜೀಪೂ ಹೂತುಹೋಗುತ್ತದೆ.

ದೋಣಿ ಮೂರು ಮನೆಗಳದ್ದು. ಒಂದು ನಮ್ಮದು, ಇನ್ನೊಂದು ಗುಡ್ಡದ ಮೇಲಿನ ಮನೆಯವರದು, ಮೂರನೆಯದು ನನ್ನ ಮೈದುನನದು. ಪಾಲಾದ ಮೇಲೆ ಮೈದುನ ಮತ್ತು ವಾರಗಿತ್ತಿ ರಸ್ತೆಯ ದಡದಲ್ಲಿ ಮನೆ ಕಟ್ಟಿಕೊಂಡರು. ಅವರ ಪಾಲಿನ ತೋಟ ಮಾತ್ರ ನಮ್ಮ ದಡದಲ್ಲೇ ಉಳಿಯಿತು. ಹಾಗಾಗಿ ನಾವು ಆ ಕಡೆ, ಅವರು ಈ ಕಡೆ, ದಿನಾ ದಾಟುತ್ತಲೇ ಇರುತ್ತೇವೆ.

ವರ್ಷಕ್ಕೊಂದು ಮನೆಯ ಸರದಿಯಲ್ಲಿ ದೋಣಿಗೆ ಬಣ್ಣವಾಗಬೇಕು. ಮಾವನವರ ಕಾಲದ ಕಟ್ಟಳೆ ಏನೆಂದರೆ ಸರದಿಯ ಮನೆಯವರು ತಮ್ಮ ಕೈಯಾರೆ ಕೆರೆದು ಬಳಿಯಬೇಕು, ಆಳು ಇಡುವಂತಿಲ್ಲ. "ಕೂರೋರೇ ಕೆರೀಬೇಕು" ಎನ್ನುತ್ತಿದ್ದರು ಅವರು. ಯಾವ ಬಣ್ಣ ಎಂದು ಯಾರೂ ಕೇಳುವುದಿಲ್ಲ, ಮನೆಯಲ್ಲಿ ಏನು ಉಳಿದಿದೆಯೋ ಅದು. ನಮ್ಮ ದೋಣಿ ಒಂದು ವರ್ಷ ಗೇಟಿನ ಹಸಿರು, ಮತ್ತೊಂದು ವರ್ಷ ಬಾಗಿಲಿನ ನೀಲಿ. ಹೊಳೆ ಬದಿಗೆ ಫೋಟೋ ತೆಗೆಯಲು ಬರುವ ಪ್ರವಾಸಿಗರು ಅದನ್ನು ಕಲೆ ಎಂದುಕೊಂಡಿದ್ದಾರೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಸರದಿ ನಮ್ಮದಾಗಿತ್ತು. ಆ ಸಲ ದೋಣಿ ಗಟ್ಟಿಯಾಗಿ ತಯಾರಾಗಲೇಬೇಕಿತ್ತು, ಏಕೆಂದರೆ ಮಗಳು ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಅವಳನ್ನು ಕಡೂರಿಗೆ ಕೊಟ್ಟಿದ್ದೇವೆ. ಅವಳ ಅತ್ತೆ ತೀರಿಕೊಂಡು ವರ್ಷಗಳಾಗಿವೆ. ಮನೆಯಲ್ಲಿರುವುದು ಅಳಿಯ, ಅವನ ತಂದೆ, ಅವನ ತಮ್ಮ. ಒಳ್ಳೆಯವರೇ, ಆದರೆ ಮೂವರೂ ಬಿಸಿನೀರು ಬೇಕಾದರೆ ಒಬ್ಬರ ಮುಖ ಒಬ್ಬರು ನೋಡುವವರು. ಜುಲೈ ಕೊನೆಗೆ ದಿನ ತುಂಬುತ್ತದೆ ಎಂದು ಡಾಕ್ಟರು ಹೇಳಿದ್ದರು.

"ಮಳೆಗಾಲದಲ್ಲಿ ತುಂಬಿದ ಬಸುರೀನ ಹೊಳೆ ಈಚೆ ಇಟ್ಕೊಂಡು ಎಂತ ಮಾಡ್ತಿ ಮಾರಾಯ್ತಿ?" ಎಂದರು ನಮ್ಮ ಯಜಮಾನರು.

"ದೋಣಿ ಇದೆಯಲ್ಲ" ಎಂದೆ. "ನಿಮ್ಮ ಅಮ್ಮಂಗೆ ಹಾವು ಕಚ್ಚಿದಾಗ ಇದೇ ದೋಣಿ ದಾಟಿಸ್ಲಿಲ್ವಾ? ಆಮೇಲೆ ಹತ್ತು ವರ್ಷ ಬದುಕಿ ನನ್ನ ಜೀವ ತೆಗೀಲಿಲ್ವಾ?"

ಅವರು ನಕ್ಕರು. ನಿಜ ಹೇಳುತ್ತೇನೆ, ಆ ಬಾಣಂತನ ಮಗಳಿಗಿಂತ ಹೆಚ್ಚು ನನಗೆ ಬೇಕಿತ್ತು. ಮದುವೆಯಾದ ಮೇಲೆ ಅವಳು ನಾಲ್ಕು ದಿನಕ್ಕಿಂತ ಹೆಚ್ಚು ನನ್ನ ಹತ್ತಿರ ಉಳಿದಿರಲಿಲ್ಲ. ಬಂದರೆ ಐದು ತಿಂಗಳು ಇರುತ್ತಾಳೆ, ಮಗುವಿಗೆ ನಾನೇ ಎಣ್ಣೆ ತಿಕ್ಕುತ್ತೇನೆ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತೇನೆ ಎಂದು ಬಚ್ಚಲ ಒಲೆಯನ್ನು ಫೆಬ್ರವರಿಯಲ್ಲೇ ಹೊಸದಾಗಿ ಕಟ್ಟಿಸಿದ್ದೆ.

ಕಾಫಿ ಒಣಗಿಸಿ ಚೀಲಕ್ಕೆ ತುಂಬಿದ ಮೇಲೆ ಕಣ ಖಾಲಿಯಾಗಿತ್ತು. ದೋಣಿಯನ್ನು ಹೊತ್ತು ತಂದು ಅಲ್ಲಿ ಕವುಚಿ ಹಾಕಿದೆವು. ಯಜಮಾನರಿಗೆ ಮಂಡಿನೋವು, ಕೂತು ಏಳಲು ಆಗುವುದಿಲ್ಲ. ಕೆರೆಯುವ ಕೆಲಸ ಪೂರ್ತಿ ನನ್ನ ತಲೆಗೇ ಬಿತ್ತು. ಮೊಂಡಾದ ಕತ್ತಿ, ತಂತಿ ಬ್ರಷ್, ಉಪ್ಪುಕಾಗದ, ಒಂದು ಬಕೆಟ್ ಬಟ್ಟೆ ಸೋಡಾ ಕರಗಿಸಿದ ನೀರು, ಬಾಯಿಗೆ ಕಟ್ಟಿಕೊಳ್ಳಲು ಹಳೆ ಪಂಚೆ.

ಕಾಫಿ ಹೂ ಅರಳಿಸುವ ಹೂಮಳೆ ಮಾರ್ಚಿನಲ್ಲೇ ಬಂದು ತೋಟವೆಲ್ಲ ಬೆಳ್ಳಗಾಗಿ ಮುಗಿದಿತ್ತು. ಅದಾದ ಮೇಲೆ ಇನ್ನೊಂದು ಮಳೆ ಬಿದ್ದರೆ ಕಾಯಿ ಕಚ್ಚುತ್ತದೆ. ಇಡೀ ಊರು ಆ ಮಳೆಗಾಗಿ ಮುಗಿಲು ನೋಡುತ್ತಿತ್ತು. ಕೆರೆದ ಮರ ನೆನೆದರೆ ಮತ್ತೆ ಒಣಗಲು ವಾರ ಬೇಕು. ಹಾಗಾಗಿ ಮಳೆ ಬರಬಾರದು ಎಂದು ಬೇಡಿಕೊಳ್ಳುತ್ತಿದ್ದವಳು ನಾನೊಬ್ಬಳೇ. ಜಗುಲಿಯಲ್ಲಿ ಕೂತು ಯಜಮಾನರು "ಪಡುವಣದಲ್ಲಿ ಕಪ್ಪಾಗಿದೆ" ಎಂದು ಸಂತೋಷದಿಂದ ಹೇಳಿದಾಗಲೆಲ್ಲ ನನಗೆ ಮೈಯುರಿಯುತ್ತಿತ್ತು.

ಮೇಲಿನ ಪದರ ಕೆಂಪು. ಅದರ ಹಿಂದಿನ ವರ್ಷ ಗುಡ್ಡದ ಮೇಲಿನ ಮನೆಯವರು ಸರಿಯಾಗಿ ಕೆರೆಯದೆ ಹೊಡೆದದ್ದು. ಆ ಕೆಂಪು ಇಡೀ ಮಳೆಗಾಲ ಒಣಗಲೇ ಇಲ್ಲ. ಕೂತವರ ಸೀರೆಗೆ, ಪ್ಯಾಂಟಿಗೆ, ಶಾಲೆ ಚೀಲಕ್ಕೆ ಹತ್ತಿಕೊಂಡು ಯಾರು ದೋಣಿಯಲ್ಲಿ ಬಂದವರು ಎಂದು ಕಳಸದ ಪೇಟೆಗೆಲ್ಲ ಗೊತ್ತಾಗುತ್ತಿತ್ತು. ಒಣಗದಿರಲು ಕಾರಣ ಅದರ ಕೆಳಗಿದ್ದ ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಕಪ್ಪು ಎಣ್ಣೆ ಮರಕ್ಕೆ ಒಳ್ಳೆಯದೇ, ಹುಳ ಮುಟ್ಟುವುದಿಲ್ಲ. ಆದರೆ ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ. ಒಮ್ಮೆ ಗೇರೆಣ್ಣೆ ಬಳಿದರೆ ಮುಂದೆಯೂ ಅದನ್ನೇ ಬಳಿಯಬೇಕು, ಇಲ್ಲ ಅಷ್ಟನ್ನೂ ಕೆರೆದು ತೆಗೆಯಬೇಕು. ಇದು ಗೊತ್ತಿದ್ದೂ ಅದನ್ನು ಬಳಿದವಳು ನನ್ನ ವಾರಗಿತ್ತಿ, ಅದಕ್ಕೂ ಹಿಂದಿನ ವರ್ಷ ತನ್ನ ಸರದಿಯಲ್ಲಿ.

ಕೆರೆಯುವಾಗ ಆ ಕಪ್ಪು ಮೇಣದ ಹಾಗೆ ಕತ್ತಿಗೆ ಅಂಟುತ್ತಿತ್ತು. ಉಪ್ಪುಕಾಗದ ನಾಲ್ಕು ಉಜ್ಜಿಗೆ ಮುಚ್ಚಿಹೋಗುತ್ತಿತ್ತು. ಮೂರನೇ ದಿನಕ್ಕೆ ಆ ಎಣ್ಣೆ ತಾಗಿ ಕೈಬೆರಳ ಸಂದಿಯಲ್ಲಿ ನೀರುಗುಳ್ಳೆ ಎದ್ದವು. ತೆಂಗಿನೆಣ್ಣೆ ಹಚ್ಚಿಕೊಂಡೆ, ಕೈಗೆ ಬಟ್ಟೆ ಸುತ್ತಿಕೊಂಡೆ. ಐದನೇ ದಿನ ಕಣ್ಣಿನ ರೆಪ್ಪೆಯೂ ಊದಿತು. ಅನ್ನ ಕಲಸಲು ಆಗದೆ ಚಮಚೆಯಲ್ಲಿ ಉಂಡೆ. ಪ್ರತಿ ಸಲ ಕತ್ತಿ ಎಳೆಯುವಾಗಲೂ ಅವಳನ್ನು ಬೈದೆ. ಬಣ್ಣ ತರಲು ಕೈ ಬಾರದ ಜಿಪುಣಿ ಎಂದೆ. ಹೊಸ ಬೈಗುಳ ಹುಡುಕಲಾರದಷ್ಟು ಸುಸ್ತಾದಾಗ ಹಳೆಯದನ್ನೇ ತಿರುಗಿಸಿ ಬೈದೆ. ಇದೇ ಮಾತನ್ನು ಅವಳು ಎಣ್ಣೆ ಬಳಿದ ವರ್ಷವೇ ಮೇಲಿನ ಮನೆಯವರ ಮುಂದೆಯೂ ಆಡಿ ನಗಿಸಿದ್ದೆ.

ಅವಳ ಮುಖಕ್ಕೇ ಏಕೆ ಹೇಳಲಿಲ್ಲ ಎಂದರೆ, ನಾವಿಬ್ಬರೂ ಮಾತು ಬಿಟ್ಟಿದ್ದೆವು. ತಪ್ಪು ನನ್ನದೇ. ಮಗಳ ಮದುವೆಗೆ ಕರೆಯುವಾಗ ಎಲ್ಲರ ಮನೆಗೂ ಹೋಗಿ ಅರಿಶಿನ ಕುಂಕುಮ ಕೊಟ್ಟು ಕರೆದೆವು. ವಾರಗಿತ್ತಿಯನ್ನು ಮಾತ್ರ ದೋಣಿಯಲ್ಲಿ ಕರೆದೆ. ಊರೆಲ್ಲ ತಿರುಗಿ ಬಂದಿದ್ದೆ, ಕಾಲು ಸೋತಿತ್ತು, ಎದುರಿಗೇ ಕೂತಿದ್ದಳು. ಮನೆಯವಳೇ ಅಲ್ಲವೇ ಎಂದುಕೊಂಡು ಚೀಲದಿಂದ ಕಾರ್ಡ್ ತೆಗೆದು ಕೈಗಿಟ್ಟೆ. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ನೀರು ನೋಡಿದಳು. ಮದುವೆಗೆ ಮೈದುನ ಬಂದ, ಅವಳು ಬರಲಿಲ್ಲ. ಹೋಗಿ ತಪ್ಪಾಯಿತು ಎನ್ನಲು ನನಗೆ ಸೊಕ್ಕು. ಅಲ್ಲಿಂದ ಮೂರು ವರ್ಷ ನಡೆಯಿತು.

ಒಂಬತ್ತನೇ ದಿನ ಹಿಂಬದಿಯ ಮೂರನೇ ಹಲಗೆಗೆ ಬಂದೆ. ಅಲ್ಲಿ ಗೇರೆಣ್ಣೆ ಬೇರೆ ಕಡೆಗಿಂತ ದಪ್ಪವಾಗಿತ್ತು. ಸಿಟ್ಟಿನಲ್ಲಿ ಕತ್ತಿಯನ್ನು ಒತ್ತಿ ಎಳೆದೆ. ಕತ್ತಿಯ ಮೂಲೆ ಹಲಗೆಯ ಒಳಗೇ ಇಳಿಯಿತು. ಹಿಂದಕ್ಕೆಳೆದರೆ ಅದರ ಜೊತೆ ಮರ ಪುಡಿಪುಡಿಯಾಗಿ ಬಂತು, ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ. ಬೆರಳು ಹಾಕಿ ನೋಡಿದೆ. ಎರಡು ಗೇಣು ಉದ್ದಕ್ಕೆ ಹಲಗೆ ಲಡ್ಡಾಗಿತ್ತು.

"ನೋಡಿದ್ರಾ, ಇವಳ ಎಣ್ಣೆ ಮಾಡಿದ ಕೆಲಸ!" ಎಂದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಆ ತೂತಿನ ಅಂಚು ಕಣ್ಣಿಗೆ ಬಿತ್ತು. ಮೇಲೆ ಕೆಂಪು, ಅದರ ಕೆಳಗೆ ಕಪ್ಪು, ಅದರ ಕೆಳಗೆ ತಿಳಿ ನೀಲಿ. ನೀಲಿಯ ಕೆಳಗೆ ಬೆಳ್ಳಗೆ ಗೋಡೆ ಪುಟ್ಟಿ.

ತಿಳಿ ನೀಲಿ ನಮ್ಮದು. ಮಗಳ ಮದುವೆಗೆ ಬಾಗಿಲು ಕಿಟಕಿಗಳಿಗೆ ತಂದು ಉಳಿದದ್ದು. ಪುಟ್ಟಿಯೂ ನಮ್ಮದೇ. ಆ ವರ್ಷವೂ ಸರದಿ ನಮ್ಮದಾಗಿತ್ತು. ಮೂರನೇ ಹಲಗೆಯಲ್ಲಿ ಹೆಬ್ಬೆರಳಷ್ಟು ಜಾಗ ಮೆತ್ತಗಾಗಿದ್ದು ನನಗೆ ಆಗಲೇ ಕಂಡಿತ್ತು. ಆಚಾರಿಯನ್ನು ಕರೆಸಿ, ಕೆಟ್ಟ ಮರ ಕೊರೆದು, ಹೆಬ್ಬಲಸು ಮರದ ತುಂಡು ಕೂರಿಸಬೇಕಿತ್ತು. ಮದುವೆ ಎದುರಿಗಿತ್ತು. ಅರ್ಧ ಚೀಲ ಪುಟ್ಟಿ ಉಳಿದಿತ್ತು. ಕಲಸಿ ತುಂಬಿ, ಉಜ್ಜಿ ನುಣುಪು ಮಾಡಿ, ನೀಲಿ ಹೊಡೆದೆ. ಎಲ್ಲಿ ತೂತಿತ್ತು ಎಂದು ನನಗೇ ಗುರುತು ಸಿಗದಷ್ಟು ಚೆನ್ನಾಗಿ ಆಗಿತ್ತು. ಗೋಡೆ ಪುಟ್ಟಿ ನೀರು ಕುಡಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಳಗೆ ಹುಳುಕು, ಹೊರಗೆ ತಳುಕು ಎನ್ನುವ ಗಾದೆಯನ್ನು ಬೇರೆಯವರ ಮೇಲೆ ಎಷ್ಟು ಸಲ ಎಸೆದಿದ್ದೇನೋ.

"ಏನು ಸುಮ್ಮನಾದೆ?" ಎಂದು ಜಗುಲಿಯಿಂದ ಯಜಮಾನರು ಕೇಳಿದರು.

"ನಾನೇನು ಮಾಡಿದೆ?" ಎಂದುಬಿಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ. ಆಮೇಲೆ ಬೆನ್ನುನೋವು ಎಂದು ಹೇಳಿ ಆ ಜಾಗದ ಮೇಲೆ ಗೋಣಿಚೀಲ ಎಳೆದು ಒಳಗೆ ಹೋಗಿ ಮಲಗಿದೆ.

ಮಾರನೇ ದಿನ ಏನು ಮಾಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಬಾಣಲೆಯಲ್ಲಿ ಮತ್ತೆ ಪುಟ್ಟಿ ಕಲಸಿದೆ. ಇದೊಂದು ಮಳೆಗಾಲ ತಡೆದರೆ ಸಾಕು, ಮಗಳು ಬರಲಿ, ಹೆರಿಗೆ ಆಗಲಿ, ಡಿಸೆಂಬರಿನಲ್ಲಿ ಸರಿಮಾಡಿಸಿದರಾಯಿತು ಎಂದು ಲೆಕ್ಕ ಹಾಕಿದೆ. ಅಷ್ಟು ಸುಸ್ತಾಗಿತ್ತು ನನಗೆ. ಆಚಾರಿಯನ್ನು ಕರೆಸುವುದು, ಹಲಗೆ ಹುಡುಕುವುದು, ಗಂಡನಿಗೆ ಹೇಳುವುದು, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ತಪ್ಪು ಎನ್ನುವುದು, ಇಷ್ಟಕ್ಕೆ ಮೈಯಲ್ಲಿ ಶಕ್ತಿಯೇ ಇರಲಿಲ್ಲ.

ಆಗ ಮಗಳ ಫೋನ್ ಬಂತು. "ಅಮ್ಮಾ, ದೋಣಿ ಆಯ್ತಾ? ಈ ಸಲ ಎಂತ ಬಣ್ಣ?" ಎಂದಳು.

"ಇನ್ನೂ ಕೆರೀತಾ ಇದ್ದೀನಿ."

"ಇವ್ರು ಭಯ ಬೀಳ್ತಾ ಇದಾರೆ. ಹೊಳೆ ಗಿಳೆ ಎಂತಕ್ಕೆ ಅಂತಾರೆ. ನಮ್ಮಮ್ಮ ಕೆರೆದಿರೋ ದೋಣಿ, ಎಂತ ಆಗಲ್ಲ ಅಂತ ಹೇಳ್ದೆ."

ಪುಟ್ಟಿಯನ್ನು ಬಾಣಲೆ ಸಮೇತ ತಿಪ್ಪೆಗೆ ಎಸೆದೆ. ಯಜಮಾನರನ್ನು ಕರೆದು ಗೋಣಿಚೀಲ ತೆಗೆದು ತೋರಿಸಿದೆ, ನೀಲಿಯನ್ನೂ ತೋರಿಸಿದೆ. ಅವರು ಮಂಡಿ ಹಿಡಿದುಕೊಂಡು ಬಗ್ಗಿ ನೋಡಿದರು. "ಆಚಾರಿಗೆ ಹೇಳಿ ಕಳಿಸ್ತೀನಿ" ಎಂದರು, ಅಷ್ಟೇ. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು.

ಆಚಾರಿ ಎರಡು ದಿನ ಬಿಟ್ಟು ಬಂದರು. ವಯಸ್ಸಾದವರು, ಮಾತು ಕಡಿಮೆ. ಉಳಿಯ ಹಿಡಿಯಿಂದ ಹಲಗೆಗಳನ್ನು ಒಂದೊಂದಾಗಿ ತಟ್ಟಿ ಸದ್ದು ಕೇಳಿದರು. "ಎರಡು ಹಲಗೆ ಪೂರ್ತಿ ಬದಲಾಯಿಸ್ಬೇಕು. ಒಣಗಿದ ಹೆಬ್ಬಲಸು ಈಗ ಎಲ್ಲೂ ಸಿಗಲ್ಲಮ್ಮ. ಹಸೀದು ಹಾಕಿದ್ರೆ ಬಿಸಿಲಿಗೆ ಸೆಳೆದು ಸಂದು ಬಿಡುತ್ತೆ. ಮರ ಕುಯ್ಸಿ ಒಣಗಾಕಿ, ಬರೋ ವರ್ಷ ನೋಡೋಣ."

"ಈ ಮಳೆಗಾಲಕ್ಕೆ?" ಎಂದೆ.

"ಈ ಮಳೆಗಾಲಕ್ಕೆ ಇದನ್ನ ನೀರಿಗಿಳಿಸ್ಬೇಡಿ." ಆಮೇಲೆ ದೋಣಿಯ ಕೆಳಗೆ ನುಸುಳಿ ಒಳಮೈಯನ್ನೂ ಮುಟ್ಟಿ ನೋಡಿ ಹೊರಗೆ ಬಂದರು. "ಗೇರೆಣ್ಣೆ ಹಾಕಿದ್ದು ಯಾರು? ಈ ಜಾಗಕ್ಕೆ ಒಳಗೂ ಹೊರಗೂ ನಾಕೈದು ಸಲ ಕುಡಿಸಿದಾರೆ. ಅದಿಲ್ದಿದ್ರೆ ಹೋದ ವರ್ಷವೇ ನೀವೆಲ್ಲ ನೀರಲ್ಲಿರ್ತಿದ್ರಿ" ಎಂದರು.

ಅವರು ಕಾಫಿ ಕುಡಿದು ಹೋದ ಮೇಲೆ ನಾನು ಸೀರೆ ಕೂಡ ಬದಲಾಯಿಸಲಿಲ್ಲ. ಬಂಡೆಗಳ ಮೇಲೆ ಕಾಲಿಡುತ್ತಾ ಹೊಳೆ ದಾಟಿ ವಾರಗಿತ್ತಿಯ ಮನೆಗೆ ಹೋದೆ. ಅವಳು ಅಂಗಳದಲ್ಲಿ ಕೂತು ಮೊರದಲ್ಲಿ ಕಾಳುಮೆಣಸು ಕೇರುತ್ತಿದ್ದಳು. ನನ್ನನ್ನು ನೋಡಿ ಒಂದು ಕ್ಷಣ ಕೈ ನಿಂತಿತು. "ಬನ್ನಿ, ಕೂತ್ಕೊಳಿ" ಎಂದಳು. ನಮ್ಮ ಕಡೆ ಶತ್ರು ಬಂದರೂ ಅಷ್ಟು ಹೇಳುತ್ತಾರೆ. ಮತ್ತೆ ಕೇರತೊಡಗಿದಳು.

"ಮೂರನೇ ಹಲಗೆ ಹೋಗಿದೆ. ಪುಟ್ಟಿ ತುಂಬಿದ್ದು ನಾನು" ಎಂದೆ ನಿಂತುಕೊಂಡೇ.

"ಗೊತ್ತು. ನಮ್ಮ ಸರದೀಲಿ ಕೆರೆಯೋವಾಗ ಉದುರ್ತು. ಪೂರ್ತಿ ಕೆರೆದ್ರೆ ತೂತೇ ಬೀಳುತ್ತೆ ಅನ್ನಿಸ್ತು. ಅಲ್ಲಿಗೇ ನಿಲ್ಲಿಸಿ ಎಣ್ಣೆ ಕುಡಿಸ್ದೆ."

"ಒಂದು ಮಾತು ಹೇಳ್ಬಾರ್ದಿತ್ತಾ?"

ಅವಳು ಮೊರ ಕೆಳಗಿಟ್ಟಳು. "ನಾವು ಮಾತಾಡ್ತಿರ್ಲಿಲ್ವಲ್ಲಕ್ಕ."

ನನಗೆ ಕೋಪ ಬಂತು, ಅದರ ಜೊತೆಗೇ ನಾಚಿಕೆಯೂ ಬಂತು. ಯಾವುದು ಮೊದಲು ಎಂದು ಈಗ ಹೇಳಲಾರೆ. ಎರಡು ಮಳೆಗಾಲ ಶಾಲೆಗೆ ಹೋಗುವ ಮಕ್ಕಳು ಕೂತಿದ್ದ ದೋಣಿ ಅದು. ದೀಪಾವಳಿಗೆ ಬಂದಾಗ ಮಗಳೂ ಅದರಲ್ಲೇ ಕೂತಿದ್ದಳು. ಅದೇ ಎರಡು ಮಳೆಗಾಲ ವಾರಗಿತ್ತಿ ಯಾರಿಗೂ ಬಿಟ್ಟುಕೊಡದೆ ಹಿಂದಿನ ಮೂಲೆಯಲ್ಲಿ ಮೂರನೇ ಹಲಗೆಯ ಮೇಲೇ ಪಾದ ಊರಿ ಕೂರುತ್ತಿದ್ದಳು. ದೊಡ್ಡಸ್ತಿಕೆ ಎಂದುಕೊಂಡಿದ್ದೆ ನಾನು. ಅವಳು ಕಾಲಿಗೆ ನೀರು ತಾಗುತ್ತದೆಯೇ ಎಂದು ನೋಡುತ್ತಿದ್ದಳು.

ಮಗಳ ವಿಷಯ ಎತ್ತಲು ನನಗೆ ಬಾಯಿ ಬರಲಿಲ್ಲ. ಅವಳೇ ಎತ್ತಿದಳು. "ಜುಲೈ ಅಂತಲ್ಲ? ಜೂನಲ್ಲೇ ಇಲ್ಲಿಗೆ ಕರ್ಕೊಂಡ್ಬನ್ನಿ. ಆಸ್ಪತ್ರೆ ಹತ್ರ ಆಗುತ್ತೆ. ಬಾಣಂತನ ನಾನು ಮಾಡ್ತೀನಿ." ಮೊರ ಮತ್ತೆ ಎತ್ತಿಕೊಂಡು, "ದಿನ ತುಂಬೋ ಹೊತ್ತಿಗೆ ನೀವೂ ಬಂದಿರಿ" ಎಂದಳು. ತಲೆಯಾಡಿಸಿದೆ. ಹಿಂತಿರುಗುವಾಗ ಹೊಳೆ ಮಧ್ಯದ ಬಂಡೆಯ ಮೇಲೆ ಕೂತು ಅತ್ತೆ. ಆ ಸಂಜೆಯೇ ಮಳೆ ಬಂತು, ಯಜಮಾನರೂ ಖುಷಿಪಡಲಿಲ್ಲ.

ಜೂನಿನಲ್ಲಿ ಮಗಳು ವಾರಗಿತ್ತಿಯ ಮನೆಗೆ ಬಂದಳು, ದೋಣಿ ನೀರಿಗಿಳಿಯಲಿಲ್ಲ. ಜುಲೈ ಎರಡನೇ ವಾರ ಮಣ್ಣುದಾರಿ ಸುತ್ತಿ ಹೋಗಿ ಇರುವುದೆಂದು ಬಟ್ಟೆ ಕಟ್ಟಿಟ್ಟಿದ್ದೆ. ಅಷ್ಟರಲ್ಲಿ ಮಳೆ ಹಿಡಿದು ಮಣ್ಣುದಾರಿಯ ಮೇಲೆ ಗುಡ್ಡ ಜರಿಯಿತು. ಕರೆಂಟ್ ಹೋಯಿತು, ಅದರ ಹಿಂದೆ ಫೋನೂ ಸತ್ತಿತು. ಹೊಳೆ ನಮ್ಮ ಬೇಲಿಯ ತನಕ ಬಂತು. ದಿನಾ ಎರಡು ಹೊತ್ತು ದಡಕ್ಕೆ ಹೋಗಿ ನಿಂತು ಬರುತ್ತಿದ್ದೆ. ಇನ್ನೂ ಹತ್ತು ದಿನ ಇದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಮಳೆ ಸ್ವಲ್ಪ ಇಳಿದು ಹೊಳವಾಗಿತ್ತು. ಎದುರು ದಡದಲ್ಲಿ ವಾರಗಿತ್ತಿ ಛತ್ರಿ ಹಿಡಿದು ನಿಂತಿದ್ದಳು. ಎದೆಗೆ ಅವುಚಿಕೊಂಡು ಬಟ್ಟೆಯ ಗಂಟು. ಹನ್ನೊಂದು ದಿನ ಕಳೆಯದೆ ಹಸುಗೂಸನ್ನು ಹೊಸಿಲು ದಾಟಿಸಬಾರದು ಎನ್ನುವವಳು ಅವಳು, ಮಡಿ ಮೈಲಿಗೆಯಲ್ಲಿ ನನಗಿಂತ ಒಂದು ಕೈ ಹೆಚ್ಚು. ಛತ್ರಿಯನ್ನು ಕೊರಳಿಗೆ ಒತ್ತಿಕೊಂಡು ಎರಡೂ ಕೈಯಲ್ಲಿ ಆ ಗಂಟನ್ನು ನನ್ನ ಕಡೆ ಎತ್ತಿ ಹಿಡಿದಳು.

"ಮಗಳು ಹೇಗಿದಾಳೆ? ಗಂಡಾ, ಹೆಣ್ಣಾ?" ಎಂದು ಕೂಗಿದೆ.

ಅವಳು ಏನೋ ಕೂಗಿದಳು. ಮೂರು ವರ್ಷ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತು ನಾವು ಬಾಯಿ ಬಿಟ್ಟಿರಲಿಲ್ಲ. ಈಗ ಇಬ್ಬರೂ ಗಂಟಲು ಹರಿಯುವಂತೆ ಕೂಗಿದೆವು. ಹೊಳೆಯ ಸದ್ದಿನಲ್ಲಿ ಒಂದಕ್ಷರವೂ ಕೇಳಿಸಲಿಲ್ಲ.